ಒಂದು ಜಾಡಿ, ಇಬ್ಬರು ತಾಯಂದಿರು

"ಮುಟ್ಟಬೇಡಿ ಸಾರ್, ಬರೀ ನೋಡಿ," ಎಂದ ದೊಡ್ಡಣ್ಣ.

ಮೌನಿ ಮುಟ್ಟಿರಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮೂಗು ಗಾಜಿಗೆ ತಾಗುವಷ್ಟು ಬಾಗಿ, ಹದಿನೇಳನೆಯ ನಂಬರಿನ ಜಾಡಿಯನ್ನು ನೋಡುತ್ತ ನಿಂತು ಐದು ನಿಮಿಷವಾಗಿತ್ತು. ಒಳಗೆ ಗೇಣಿನಷ್ಟು ನೀರು. ಗಾಜಿಗೆ ಅಂಟಿಕೊಂಡ ಒಂದೇ ಒಂದು ದೊಡ್ಡ ಬಸವನಹುಳು. ಅದರ ಸುತ್ತ ಸಾಸಿವೆ ಕಾಳಿನಂಥ ಮರಿಗಳು.

ಈ ಹುಳುಗಳನ್ನು ಮೂರು ವರ್ಷ ಸಾಕಿದ ಹುಡುಗಿ ಇದೇ ಸಂಶೋಧನಾಲಯದ ಹಿಂಬದಿಯ ಮೆಟ್ಟಿಲ ಕೆಳಗೆ ಸತ್ತುಬಿದ್ದು ಇವತ್ತಿಗೆ ಒಂಬತ್ತು ದಿನ. ಅವಳು ಲೆಕ್ಕ ತಿದ್ದಿದ ಮೋಸಗಾರ್ತಿ ಎಂದು ವಿಚಾರಣಾ ಸಮಿತಿ ಸಂಜೆ ಐದು ಗಂಟೆಗೆ ಸಹಿ ಹಾಕಲಿತ್ತು. ಆ ಕಾಗದ ಕೈಗೆ ಬಂದ ತಕ್ಷಣ, ಅವಮಾನ ತಾಳಲಾರದೆ ಹಾರಿದಳು ಎಂದು ಬರೆದು ಕಡತ ಮುಚ್ಚಬೇಕೆಂದು ಮೌನಿಗೆ ಮೇಲಿನಿಂದ ಮಾತು ಬಂದಿತ್ತು.

ಗೋಡೆಯ ಗಡಿಯಾರದಲ್ಲಿ ಆಗ ಮೂರೂ ಹತ್ತು.

ಇನ್‌ಸ್ಪೆಕ್ಟರಿಗೆ ಮೌನಿ ಎಂದು ಹೆಸರಿಟ್ಟದ್ದು ಠಾಣೆಯವರು. ಒಂದು ಪ್ರಶ್ನೆ ಕೇಳಿ ಸುಮ್ಮನಾಗಿಬಿಡುವುದು ಅವನ ಅಭ್ಯಾಸ. ಎದುರಿನವರಿಗೆ ಆ ಸುಮ್ಮನಿರುವಿಕೆಯೇ ಭಾರವಾಗಿ, ಅದನ್ನು ಇಳಿಸಿಕೊಳ್ಳಲು ಬಾಯಿ ಬಿಡುತ್ತಿದ್ದರು. ಅವನ ಜೊತೆಗೆ ಬಂದಿದ್ದ ಕಾನ್‌ಸ್ಟೇಬಲ್ ಹೆಂಗಸಿಗೆ ರೇಡಿಯೋ ಎಂದು ಹೆಸರು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ; ಎರಡು ನಿಮಿಷ ಅವಳ ಪಕ್ಕ ನಿಂತರೆ ಸಾಕಾಗಿತ್ತು.

"ಎಡಮುರಿ, ಬಲಮುರಿ ಅಂತೀರಲ್ಲ, ಅದನ್ನ ಇನ್ನೊಂದ್ಸಲ ಹೇಳಿ," ಎಂದ ಮೌನಿ.

ದೊಡ್ಡಣ್ಣ ನಿಟ್ಟುಸಿರಿಟ್ಟ. ಆರು ವರ್ಷದಿಂದ ಇಲ್ಲೇ ಇರುವ ಹಿರಿಯ ಸಂಶೋಧಕ. ಎಲ್ಲರಿಗೂ ಅವನು ದೊಡ್ಡಣ್ಣ. ಹುಡುಗಿಯ ಮೇಲೆ ಮೊದಲ ದೂರು ಕೊಟ್ಟವನೂ ಅವನೇ. "ಈ ಹುಳುಗಳಲ್ಲಿ ಚಿಪ್ಪು ಕೆಲವಕ್ಕೆ ಎಡಕ್ಕೆ ಸುತ್ತಿರತ್ತೆ, ಕೆಲವಕ್ಕೆ ಬಲಕ್ಕೆ. ಯಾವ ಕಡೆ ಸುತ್ತಬೇಕು ಅನ್ನೋದು ಮರಿಯ ಕೈಲಿಲ್ಲ. ತಾಯಿ ಮೊಟ್ಟೆಯೊಳಗೆ ಏನು ತುಂಬಿ ಕಳಿಸಿರ್ತಾಳೋ ಅದರಂತೆ. ಅಪ್ಪನಿಂದ ಬಂದ ಗುಣ ಮರಿಯೊಳಗೆ ಇರತ್ತೆ, ಆದ್ರೆ ಅದರ ಮೈಮೇಲೆ ಕಾಣಲ್ಲ."

"ಅಂದ್ರೆ ತಾಯಿಯಂತೆ ಮಗಳು, ನೂಲಿನಂತೆ ಸೀರೆ," ಎಂದಳು ರೇಡಿಯೋ. "ಇದನ್ನ ಕಂಡುಹಿಡಿಯೋಕೆ ಇಷ್ಟೊಂದು ಜಾಡಿ ಬೇಕಾಯ್ತಾ? ನಮ್ಮತ್ತೇನ ಕೇಳಿದ್ರೆ ಪುಕ್ಕಟೆ ಹೇಳ್ತಿದ್ರು. ಮಕ್ಕಳಲ್ಲಿ ಒಳ್ಳೇದಿದ್ರೆ ಅವರ ಮಗನದು, ಕೆಟ್ಟದ್ದೆಲ್ಲ ನಂದು."

ದೊಡ್ಡಣ್ಣನಿಗೆ ನಗು ಬರಲಿಲ್ಲ. "ಗಾದೆ ಇಲ್ಲಿ ನಡೆಯಲ್ಲಮ್ಮ. ತಾಯಿ ನೋಡೋಕೆ ಹೇಗಿದ್ದಾಳೆ ಅನ್ನೋದು ಲೆಕ್ಕಕ್ಕಿಲ್ಲ. ಅವಳ ಒಳಗೇನಿದೆ ಅನ್ನೋದು ಲೆಕ್ಕ. ಎಡಮುರಿ ತಾಯಿಗೆ ಬಲಮುರಿ ಮರಿಗಳು ಹುಟ್ಟಬಹುದು."

"ಅದು ಹೇಗೆ?"

"ಅವಳ ಚಿಪ್ಪನ್ನ ಸುತ್ತಿದ್ದು ಅವಳ ತಾಯಿ. ಅಜ್ಜಿ ಒಳಗೆ ಎಡ ಮಾತ್ರ ಇತ್ತು, ಅದಕ್ಕೇ ಇವಳು ಎಡಮುರಿ. ಆದ್ರೆ ಇವಳಿಗೆ ಅಪ್ಪನಿಂದ ಬಲದ ಗುಣ ಬಂದಿದ್ರೆ? ಬಲ ಎಡಕ್ಕಿಂತ ಜೋರು. ಅದು ಇವಳ ಮೈಮೇಲೆ ಕಾಣಲ್ಲ, ಇವಳ ಮಕ್ಕಳ ಮೈಮೇಲೆ ಕಾಣತ್ತೆ. ಒಂದು ತಲೆಮಾರು ತಡವಾಗಿ." ಅವನು ಕಪಾಟಿನ ಕಡೆ ಕೈ ತೋರಿಸಿದ. "ಈ ಸಾಲಿನ ಹುಳುಗಳೆಲ್ಲ ಎಡಮುರಿನೇ. ಯಾವುದರ ಒಳಗೆ ಏನಿದೆ ಅಂತ ಮರಿ ಹುಟ್ಟೋವರೆಗೂ ಗೊತ್ತಾಗಲ್ಲ. ಅವಳ ಕೆಲಸ ಅದೇ ಆಗಿತ್ತು."

ಮೌನಿ ಮೆಲ್ಲನೆ ನೆಟ್ಟಗಾದ. ತಾಯಿಯ ಬದುಕು ಮಕ್ಕಳ ಬೆನ್ನ ಮೇಲೆ ಒಂದು ತಲೆಮಾರು ತಡವಾಗಿ ಮೂಡುವುದು ಈ ಹುಳುಗಳಲ್ಲಿ ಮಾತ್ರವೇನಲ್ಲ ಅನ್ನಿಸಿತು.

"ಒಂದೇ ತಾಯಿಗೆ ಎರಡೂ ಥರದ ಮರಿ ಹುಟ್ಟಬಹುದಾ?"

"ಸಾಧ್ಯವೇ ಇಲ್ಲ. ಒಂದು ತಾಯಿ ಅಂದ್ರೆ ಒಂದೇ ದಿಕ್ಕು. ಅದಕ್ಕೇ ತಾನೆ ಸಾರ್ ಇಷ್ಟೆಲ್ಲ ಆಗಿದ್ದು."

ಅವನು ಮೇಜಿನ ಮೇಲಿದ್ದ ದಪ್ಪ ದಾಖಲೆ ಪುಸ್ತಕ ಬಿಡಿಸಿದ. ಹದಿನೇಳನೆಯ ಜಾಡಿಯ ಪುಟ. ಸಣ್ಣ, ನೇರವಾದ ಅಕ್ಷರ. ಎಡ ನಲವತ್ತೊಂದು, ಬಲ ಮೂವತ್ತೆಂಟು. ಮರುದಿನದ ತಾರೀಖು ಹಾಕಿ, ಬಲ ಮೂವತ್ತೆಂಟರ ಮೇಲೆ ಒಂದು ತೆಳು ಗೆರೆ. ಆ ಮೂವತ್ತೆಂಟು ಮರಿಗಳು ಸ್ಪಿರಿಟ್ ತುಂಬಿದ ಸೀಸೆಯಲ್ಲಿ ಅವಳ ಡ್ರಾಯರಿನಲ್ಲಿ ಸಿಕ್ಕಿದ್ದವು. ತನಗೆ ಬೇಡವಾದ ಲೆಕ್ಕವನ್ನು ಕೊಂದು ಬಚ್ಚಿಟ್ಟಳು ಎನ್ನುವುದು ಅವಳ ಮೇಲಿನ ಆರೋಪ.

"ಇದನ್ನ ಬಚ್ಚಿಡೋದು ಅಂತಾರಾ?" ಎಂದ ಮೌನಿ. "ಗೆರೆ ಕೆಳಗಿನ ಸಂಖ್ಯೆ ಚೆನ್ನಾಗೇ ಕಾಣ್ತಿದೆ."

"ನಮ್ಮಲ್ಲಿ ಬರೆದದ್ದನ್ನ ಅಳಿಸೋ ಹಾಗಿಲ್ಲ ಸಾರ್. ಒಂದೇ ಗೆರೆ ಎಳೀಬೇಕು. ಪಕ್ಕದಲ್ಲಿ ತಾರೀಖು, ಸಹಿ, ಕಾರಣ."

ತಾರೀಖು ಇತ್ತು. ಸಹಿ ಇತ್ತು. ಕಾರಣ ಬರೆಯಬೇಕಾದ ಕಡೆ ಪೆನ್ನಿನ ತುದಿ ಊರಿ ಎತ್ತಿದ ಒಂದು ಚುಕ್ಕೆ ಮಾತ್ರ ಇತ್ತು.

ಮೌನಿ ಆ ಚುಕ್ಕೆಯನ್ನು ತುಂಬ ಹೊತ್ತು ನೋಡಿದ. ಮೂವತ್ತು ವರ್ಷದಲ್ಲಿ ಅವನು ಬಗೆಬಗೆಯ ಮೌನ ಕೇಳಿದ್ದ. ತಪ್ಪು ಮಾಡಿದವರದು ಉಸಿರುಗಟ್ಟಿದಂತಿರುತ್ತದೆ. ಹೆದರಿದವರದು ಸದಾ ನಡುಗುತ್ತಿರುತ್ತದೆ. ಈ ಚುಕ್ಕೆ ಹಾಗಿರಲಿಲ್ಲ. ಬರೆಯಲು ಕಾರಣ ಗೊತ್ತಿದ್ದು, ಬೇಡವೆಂದು ಪೆನ್ನೆತ್ತಿದ ಕೈ ಇದು.

"ಮೋಸ ಮಾಡೋ ಹುಡುಗಿ ಮೊದಲ ದಿನವೇ ಸರಿಯಾದ ಲೆಕ್ಕ ಬರೀತಿದ್ಲು. ಆಗದೇ ಇರೋ ಲೆಕ್ಕವನ್ನ ಕೈಯಾರೆ ಯಾಕೆ ಬರೀತಾಳೆ?"

ದೊಡ್ಡಣ್ಣ ಪುಸ್ತಕ ಮುಚ್ಚಿದ.

"ಒಂದು ಜಾಡಿ, ಎರಡು ದಿಕ್ಕು. ಹಾಗಿದ್ರೆ ಇಬ್ಬರು ತಾಯಂದಿರು. ಸರೀನಾ?"

"...ಹೌದು."

"ಎರಡನೇ ತಾಯಿ ಯಾರು?"

ದೊಡ್ಡಣ್ಣನ ಬೆರಳು ಹೋಗಬೇಕಾದ ಕಡೆಗೆ ತಾನಾಗಿಯೇ ಹೋಯಿತು. ಹದಿನಾರನೆಯ ಜಾಡಿ. ಅದರೊಳಗಿನ ಹುಳುವೂ ಎಡಮುರಿ. ಮರಿಗಳು ಮಾತ್ರ ಒಂದೂ ಬಿಡದೆ ಬಲಮುರಿ. "ಈ ಸಾಲಿನಲ್ಲಿ ಬಲಮುರಿ ಮರಿ ಹಾಕೋದು ಇದೊಂದೇ."

"ನಿಮಗೆ ಇದು ಮೊದಲೇ ಗೊತ್ತಿತ್ತು."

"ಊಹೆ ಇತ್ತು ಸಾರ್."

"ಆದ್ರೂ ದೂರು ಕೊಟ್ರಿ."

"ಅವಳೇ ಬಾಯಿ ಬಿಟ್ಟು ಹೇಳಲಿ ಅಂತ..." ದೊಡ್ಡಣ್ಣ ಪುಸ್ತಕವನ್ನು ಮೇಜಿನ ಅಂಚಿಗೆ ಸರಿಸಿದ. "ಒಂದು ಮಾತು ಹೇಳಿದ್ರೆ ಮುಗಿದು ಹೋಗ್ತಿತ್ತು. ಸಮಿತಿ ಮುಂದೆ ಮೂರು ಸಲ ಕೇಳಿದ್ರು. ಕಲ್ಲಿನ ಹಾಗೆ ಕೂತಿದ್ಲು."

"ಅಣ್ಣ ಅನ್ನಿಸಿಕೊಂಡೋರು ಮಾಡೋ ಕೆಲಸವಾ ಇದು?" ರೇಡಿಯೋ ಗದರಿದಳು. "ಆರು ವರ್ಷ ನೀವು ಜಾಡಿ ನೋಡ್ತಾ ಕೂತ್ರಿ. ಮೂರು ವರ್ಷದ ಹಿಂದೆ ಬಂದ ಹುಡುಗಿ ಮುಂದೆ ಹೋದ್ಲು. ಹೊಟ್ಟೆ ಉರೀತು ಅಂತ ನೆಟ್ಟಗೆ ಹೇಳಿ."

ಅವನು ಮುಖ ತಿರುಗಿಸಿದ.

ಮೌನಿ ಅವರಿಬ್ಬರನ್ನೂ ಬಿಟ್ಟು ಮತ್ತೆ ಕಪಾಟಿನ ಮುಂದೆ ಬಾಗಿದ್ದ. ಎಲ್ಲ ಜಾಡಿಗಳ ಕುತ್ತಿಗೆಗೂ ಒಂದೊಂದು ಎಳೆ ನೂಲು ಕಟ್ಟಿತ್ತು. ಹದಿನೈದು, ನೀಲಿ. ಹದಿನೇಳು, ನೀಲಿ. ಹದಿನೆಂಟು, ನೀಲಿ. ಹದಿನಾರು ಮಾತ್ರ ಕೆಂಪು.

"ಈ ದಾರ?"

"ಅದು ನಮ್ಮದಲ್ಲ. ಗಾಜಮ್ಮನ ಲೆಕ್ಕ," ಎಂದ ದೊಡ್ಡಣ್ಣ, ಮುಖ ತಿರುಗಿಸಿಕೊಂಡೇ. "ತೊಳೆದ ಜಾಡಿಗೆ ವಾರಕ್ಕೊಂದು ಬಣ್ಣ ಕಟ್ತಾಳೆ. ಯಾವ ವಾರ ತೊಳೆದದ್ದು ಅಂತ ಅವಳಿಗೆ ಮಾತ್ರ ಗೊತ್ತಾಗತ್ತೆ."

ರೇಡಿಯೋ ಮೌನಿಯ ಕಡೆ ತಿರುಗಿದಳು.

ಗಾಜಮ್ಮ ಸತ್ತ ಹುಡುಗಿಯ ತಾಯಿ.

*

ಗಾಜು ತೊಳೆಯುವ ಕೋಣೆ ನೆಲಮಾಳಿಗೆಯಲ್ಲಿತ್ತು. ಉದ್ದನೆಯ ಕಲ್ಲಿನ ತೊಟ್ಟಿ, ಬಿಸಿನೀರಿನ ಹಬೆ, ಮರದ ಗೂಟಗಳಿಗೆ ಬೋರಲು ಹಾಕಿದ ಸೀಸೆಗಳು. ಗೋಡೆಯ ಮೇಲೆ ಕಟ್ಟು ಹಾಕಿದ ಒಂದು ನೋಟೀಸು: ತೊಳೆಯುವವರು ಜೀವವಿರುವ ಜಾಡಿಗಳನ್ನು ಮುಟ್ಟತಕ್ಕದ್ದಲ್ಲ, ಮುಟ್ಟಿದವರನ್ನು ಕೆಲಸದಿಂದ ತೆಗೆಯಲಾಗುವುದು.

ಮಗಳನ್ನು ಮಣ್ಣು ಮಾಡಿ ಬಂದ ಮೂರನೆಯ ದಿನವೇ ಗಾಜಮ್ಮ ಕೆಲಸಕ್ಕೆ ಬಂದಿದ್ದಳು. ಜನ ಆಡಿಕೊಂಡಿದ್ದರು. "ಮನೇಲಿ ಕೂತ್ರೆ ಗೋಡೆ ತಿನ್ನೋಕೆ ಬರತ್ತೆ ಸಾರ್," ಎಂದಷ್ಟೇ ಅವಳು ಮೌನಿಗೆ ಹೇಳಿದ್ದಳು. ಅಂದಿನಿಂದ ದಿನವೂ ಅವನನ್ನು ಹಿಡಿದು ನಿಲ್ಲಿಸಿ ಒಂದೇ ಮಾತು: "ಬಿದ್ಲೋ, ಹಾರಿದ್ಲೋ, ಯಾರಾದ್ರೂ ತಳ್ಳಿದ್ರೋ, ನೀವು ಹುಡುಕಿ. ಸಿಗದಿದ್ರೆ ಬಿಡಿ. ನನ್ನ ಕೂಸು ಕಳ್ಳಿ ಅಂತ ಮಾತ್ರ ಬರೀಬೇಡಿ. ಅವಳು ಏಳು ವರ್ಷದೋಳಿದ್ದಾಗಿಂದ ಈ ತೊಟ್ಟಿ ಕೆಳಗೆ ಕೂತು ಓದಿದೋಳು."

ಇಂದೂ ಅವನನ್ನು ಕಂಡು ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. "ಐದಕ್ಕೆ ಅಂತೆ ಸಾರ್?"

"ಹೌದಕ್ಕ." ಮೌನಿ ಮೂಲೆಯ ಸ್ಟೂಲಿನ ಮೇಲೆ ಕೂತ. ರೇಡಿಯೋ ಬಾಗಿಲಲ್ಲೇ ನಿಂತಳು.

"ಏನಾದ್ರೂ ಸಿಕ್ತಾ?"

ಅವನು ಕೇಳಬೇಕಾದದ್ದನ್ನು ನಾಲಿಗೆಯ ಮೇಲೆ ಎರಡು ಸಲ ಹೊರಳಿಸಿದ. "ಕೆಂಪು ದಾರ ಯಾವ ವಾರದ್ದಕ್ಕ?"

"ಕೆಂಪಾ?" ಅವಳು ಬೆರಳು ಮಡಚಿದಳು. "ಆಗ್ಲೇ ಆರು ವಾರ ಆಯ್ತು. ಯಾಕೆ ಸಾರ್?"

ಅವನು ಸುಮ್ಮನಿದ್ದ. ಆ ಸುಮ್ಮನಿರುವಿಕೆಯ ಬಗ್ಗೆ ಅವನಿಗೆ ಇಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ.

ಗಾಜಮ್ಮನ ಕಣ್ಣು ಗೋಡೆಯ ನೋಟೀಸಿಗೆ ಹೋಗಿ ಬಂತು. "ಯಾರು ಹೇಳಿದ್ರು ನಿಮಗೆ? ನೋಡಿ, ಅದು ಬೇಕು ಅಂತ ಮಾಡಿದ್ದಲ್ಲ. ಕಪಾಟಿನ ಧೂಳು ಒರೆಸ್ತಿದ್ದೆ, ಮೊಣಕೈ ತಗಲಿ ಒಂದು ಜಾಡಿ ಬಿತ್ತು. ಹದಿನಾರನೇದು. ಹುಳಕ್ಕೆ ಏನೂ ಆಗಿರಲಿಲ್ಲ. ಅಂಗೈಮೇಲೆ ಇಟ್ಕೊಂಡೆ. ಪಾಪ, ಕೊಂಬು ಒಳಗೆ ಎಳ್ಕೊಂಡು ಮುದುರಿಕೊಂಡಿತ್ತು."

"ಹೊಸ ಜಾಡಿ ಇರಲಿಲ್ವಾ?"

"ತೊಳೆದದ್ದು ಇತ್ತು. ಆದ್ರೆ ನಲ್ಲಿ ನೀರು ಹಾಕಿ ಹಾಗೇ ಬಿಟ್ರೆ ಹುಳ ಸಾಯತ್ತೆ. ನೀರು ಒಂದು ದಿನವಾದ್ರೂ ನಿಲ್ಲಬೇಕು. ಅದಕ್ಕೇ ಒಂದು ರಾತ್ರಿ ಮಟ್ಟಿಗೆ ಪಕ್ಕದ್ದರಲ್ಲಿ ಬಿಟ್ಟೆ. ಮಾರನೇ ದಿನ ಹೊಸ ಜಾಡಿಗೆ ಹಾಕಿ, ಚೀಟಿ ಅಂಟಿಸಿ, ಇದ್ದ ಜಾಗದಲ್ಲೇ ಇಟ್ಟೆ."

"ಪಕ್ಕದ್ದು ಅಂದ್ರೆ..."

"ಹದಿನೇಳು. ಸುಮ್ನೆ ಬಿಡಲಿಲ್ಲ ಸಾರ್, ನೋಡೇ ಬಿಟ್ಟೆ. ನನ್ನ ಮಗಳು ಎಡ, ಬಲ ಅಂತ ಬಡ್ಕೊಳ್ತಾ ಇರ್ತಾಳಲ್ಲ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಎರಡೂ ಎಡಕ್ಕೇ ತಿರುಗಿದ್ವು. ಒಂದೇ ಜಾತಿ, ಏನೂ ಆಗಲ್ಲ ಅಂದ್ಕೊಂಡೆ." ಅವಳ ಧ್ವನಿಯಲ್ಲಿ ಕೆಲಸ ಅಚ್ಚುಕಟ್ಟಾಗಿ ಮಾಡಿದವಳ ಸಣ್ಣ ಹೆಮ್ಮೆ ಇತ್ತು. "ಅವಳಿಗೂ ಹೇಳಲಿಲ್ಲ. ಹೇಳಿದ್ರೆ ಬೈತಿದ್ಲು. ಜೀವ ಇರೋದನ್ನ ಮುಟ್ಟಬೇಡ ಅಂತ ದಿನಾ ಹೇಳೋಳು."

ಬಾಗಿಲಲ್ಲಿ ರೇಡಿಯೋ ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು.

ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೌನಿ ಎದ್ದು ಅದನ್ನು ಬಿಗಿಯಾಗಿ ತಿರುಗಿಸಿದ. ಈ ಹೆಂಗಸು ಬೇಡಿದ್ದು ಒಂದೇ ಒಂದು. ಅದು ಈಗ ಅವನ ಕೈಯಲ್ಲಿತ್ತು. ಕೊಡದೆ ಹೋದರೆ ಐದು ಗಂಟೆಗೆ ಅವಳ ಮಗಳು ಮೋಸಗಾರ್ತಿ. ಕೊಟ್ಟರೆ, ಇದೇ ಗಳಿಗೆಯಿಂದ ಈ ತಾಯಿ...

"ಅಕ್ಕ, ಹುಳದ ಚಿಪ್ಪು ನೋಡಿ ಅದರ ಒಳಗೇನಿದೆ ಅಂತ ಗೊತ್ತಾಗಲ್ಲವಂತೆ."

"ಹಂಗಂದ್ರೆ?"

"ಚಿಪ್ಪು ಅದರ ತಾಯಿ ಕೊಟ್ಟದ್ದು. ಎರಡೂ ಎಡಮುರಿ ಇದ್ರೂ, ಒಂದಕ್ಕೆ ಎಡದ ಮರಿ ಹುಟ್ಟತ್ತೆ, ಇನ್ನೊಂದಕ್ಕೆ ಬಲದ್ದು. ನೀವು ಬಿಟ್ಟ ಹುಳ ಆ ಒಂದು ರಾತ್ರೀಲಿ ಹದಿನೇಳರಲ್ಲಿ ಮೊಟ್ಟೆ ಇಟ್ಟಿತ್ತು."

ಅವಳಿಗೆ ಥಟ್ಟನೆ ಹೊಳೆಯಲಿಲ್ಲ. ಗೂಟದಿಂದ ಒಂದು ಸೀಸೆ ತೆಗೆದು ಬೆಳಕಿಗೆ ಹಿಡಿದಳು. ಚೊಕ್ಕವಾಗಿತ್ತು. ಆದರೂ ಮತ್ತೆ ನೀರಿಗೆ ಹಾಕಿ ತಿಕ್ಕತೊಡಗಿದಳು.

"ಮೂವತ್ತೆಂಟು ಮರಿ ಅಂತಾರಲ್ಲ," ಎಂದಳು ತಿಕ್ಕುತ್ತಲೇ. "ಅವಳು ಕದ್ದು ತೆಗೆದಳು ಅಂತಾರಲ್ಲ."

"ಹೌದು."

"ಅವು... ನಾನು ಬಿಟ್ಟದ್ದರ ಮರಿಗಳಾ?"

"ಹೌದಕ್ಕ."

ಅವಳ ಕೈ ನಿಲ್ಲಲಿಲ್ಲ. ಅದೇ ಸೀಸೆ, ಅದೇ ಬ್ರಷ್ಷು, ಸುತ್ತಿ ಸುತ್ತಿ. "ಅವಳಿಗೆ ಗೊತ್ತಾಗಿತ್ತಾ?"

"ನಿಮ್ಮ ದಾರ ಅವಳಿಗೆ ಗೊತ್ತಿತ್ತಲ್ಲ."

"ಗೊತ್ತಿಲ್ದೆ ಏನು. ಚಿಕ್ಕೋಳಿದ್ದಾಗ ಬಣ್ಣ ಆರಿಸಿ ಕೊಡ್ತಿದ್ದೋಳೇ ಅವಳು." ಸೀಸೆ ನೀರಿನೊಳಗೆ ಜಾರಿತು, ಒಡೆಯಲಿಲ್ಲ. "ನನ್ನನ್ನ ಒಂದು ಮಾತೂ ಕೇಳಲಿಲ್ಲವಲ್ಲ ಸಾರ್. ಒಂದಿನ ಊಟಕ್ಕೆ ಕೂತಾಗ, ಅಮ್ಮ, ನಿನ್ನ ಕೆಲಸ ಕಾಯಂ ಆಗೋಕೆ ಇನ್ನೆಷ್ಟು ತಿಂಗಳು ಅಂದ್ಲು. ನಾಲ್ಕು ಅಂದೆ. ನಾಲ್ಕೇ ತಾನೆ ಅಂದ್ಲು. ಅಷ್ಟೇ. ತಟ್ಟೆ ತೊಳೆದಿಟ್ಟು ಮಲಗಿದ್ಲು."

ಮೌನಿಗೆ ಪುಸ್ತಕದ ಆ ಚುಕ್ಕೆ ಕಣ್ಣ ಮುಂದೆ ಬಂತು. ಬರೆಯಬೇಕಾಗಿದ್ದ ಕಾರಣ ಇಲ್ಲಿ, ಹಬೆಯ ನಡುವೆ, ನೆನೆದ ಕೈಗಳನ್ನು ಇಳಿಬಿಟ್ಟು ನಿಂತಿತ್ತು.

"ನಾನೇ ನನ್ನ ಕೂಸನ್ನ..." ಎಂದು ಶುರು ಮಾಡಿದ ಗಾಜಮ್ಮ ಆ ಮಾತನ್ನು ಮುಗಿಸಲಿಲ್ಲ. ತೊಟ್ಟಿಯ ಅಂಚು ಹಿಡಿದು ಬಾಗಿದಳು. ರೇಡಿಯೋ ಓಡಿಬಂದು ತೋಳು ಹಿಡಿದಳು. ಬೆನ್ನು ಸವರುತ್ತ ನಿಂತಳು.

ತುಂಬ ಹೊತ್ತಾದ ಮೇಲೆ ಗಾಜಮ್ಮ ತಲೆ ಎತ್ತಿದಳು.

"ಇದನ್ನ ಹೇಳಿದ್ರೆ ಅವಳ ಹೆಸರು ಉಳಿಯತ್ತಾ?"

"ಉಳಿಯತ್ತೆ. ನಿಮ್ಮ ಕೆಲಸ ಉಳಿಯಲ್ಲ."

"ಬೆಂಕಿ ಬೀಳಲಿ ಕೆಲಸಕ್ಕೆ," ಎಂದಳು ಅವಳು. "ನಡೀರಿ. ಗಂಟೆ ಎಷ್ಟು?"

*

ಸಮಿತಿಯ ಕೋಣೆಯಲ್ಲಿ ಮೂರೇ ಜನ. ಉದ್ದ ಮೇಜಿನ ತಲೆಗೆ ಸಮಿತಿಯ ಅಧ್ಯಕ್ಷರಾದ ಪ್ರೊಫೆಸರ್, ಬಿಳಿ ಹುಬ್ಬಿನ, ತಗ್ಗಿದ ದನಿಯ ಮನುಷ್ಯ. ಪಕ್ಕದಲ್ಲಿ ದೂರುದಾರನಾಗಿ ದೊಡ್ಡಣ್ಣ. ಮೂಲೆಯಲ್ಲಿ ನಡಾವಳಿ ಬರೆಯುವ ಟೈಪಿಸ್ಟು. ಮೂವತ್ತರ ಆಸುಪಾಸಿನ, ಸದಾ ಕೊರಳು ತಗ್ಗಿಸಿ ಕೂರುವ ಹೆಂಗಸು.

ಗಾಜಮ್ಮ ಕೂರಲಿಲ್ಲ. ಒದ್ದೆ ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು, ಮೊಣಕೈ ತಗಲಿದ್ದರಿಂದ ಹಿಡಿದು ಚೀಟಿ ಅಂಟಿಸಿದ್ದರವರೆಗೆ ಒಂದೇ ಉಸಿರಿಗೆ ಹೇಳಿದಳು. ಕೊನೆಗೆ, "ತಪ್ಪು ನಂದು ಸಾಹೇಬ್ರೇ. ಬರ್ಕೊಳ್ಳಿ. ಹೆಬ್ಬೆಟ್ಟು ಒತ್ತು ಅಂದ್ರೆ ಒತ್ತೀನಿ, ಸಹಿ ಅಂದ್ರೆ ಸಹಿ ಬರತ್ತೆ, ಅವಳೇ ಕಲಿಸಿದ್ಲು," ಎಂದಳು.

ಪ್ರೊಫೆಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಎಂಥ ಕೆಲಸ ಆಗಿಹೋಯ್ತಮ್ಮ. ಅವಳು ಒಂದು ಮಾತು ಹೇಳಬಾರದಿತ್ತಾ? ಇಲ್ಲಿ ಹೇಳೋಕಾಗದಿದ್ರೆ ಸಂಜೆಯೊಳಗೆ ಬರೆದು ಕೊಡು, ಗುಟ್ಟಾಗಿ ಇಡ್ತೀವಿ ಅಂದಿದ್ದೆ. ಅದೂ ಬರಲಿಲ್ಲ." ನಡಾವಳಿಯ ಕಡತವನ್ನು ಬೆರಳಿನಿಂದ ತಟ್ಟಿದರು. "ನೋಡಿ, ಇಲ್ಲೇ ಇದೆ. ಮೌಖಿಕವಾಗಿ ಉತ್ತರವಿಲ್ಲ, ಲಿಖಿತ ಉತ್ತರ ಬಂದಿಲ್ಲ. ನಾವಾದ್ರೂ ಏನು ಮಾಡೋಕಾಗ್ತಿತ್ತು?"

ಮೂಲೆಯಲ್ಲಿ ಏನೋ ಬಿದ್ದ ಸದ್ದಾಯಿತು. ಟೈಪಿಸ್ಟಿನ ಪೆನ್ಸಿಲ್ಲು. ಅವಳು ಎತ್ತಿಕೊಳ್ಳಲು ಬಾಗಲಿಲ್ಲ.

ಮೌನಿ ಅವಳ ಕಡೆ ತಿರುಗಿದ. ಏನೂ ಕೇಳಲಿಲ್ಲ. ನೋಡಿದ, ಅಷ್ಟೇ.

"ಬಂದಿತ್ತು," ಎಂದಳು ಟೈಪಿಸ್ಟು.

"ಏನಮ್ಮ?" ಪ್ರೊಫೆಸರ್ ಕನ್ನಡಕ ಹಾಕಿಕೊಂಡರು.

"ಬಂದಿತ್ತು ಸಾರ್. ಅವತ್ತು ಸಂಜೆ ಐದೂವರೆಗೆ ಅವಳು ನನ್ನ ಮೇಜಿನ ಹತ್ರ ಬಂದ್ಲು. ಅಕ್ಕ, ನಾನು ಹೇಳ್ತೀನಿ ನೀನು ಟೈಪ್ ಮಾಡು ಅಂದ್ಲು. ಒಂದು ಪುಟ ಆಯ್ತು. ಸಹಿ ಮಾಡಿದ್ಲು. ನಡಾವಳಿಗೆ ಸೇರಿಸಿ ನಿಮ್ಮ ಟ್ರೇಯಲ್ಲಿ ಇಟ್ಟು ಮನೆಗೆ ಹೋದೆ."

"ನನಗೆ ಅಂಥದ್ದೇನೂ ಸಿಗಲಿಲ್ಲ!"

"ನಾನಂತೂ ಟ್ರೇ ಮುಟ್ಟೋದೇ ಇಲ್ಲ," ಎಂದ ದೊಡ್ಡಣ್ಣ. ಅವನನ್ನು ಯಾರೂ ಕೇಳಿರಲಿಲ್ಲ.

"ಒಂಬತ್ತು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ಯಲ್ಲಮ್ಮ," ರೇಡಿಯೋ ಹಲ್ಲು ಕಚ್ಚಿದಳು.

"ನಂದೂ ಕಾಯಂ ಕೆಲಸ ಅಲ್ಲ ಅಕ್ಕ," ಎಂದು ಟೈಪಿಸ್ಟು ಬಿಕ್ಕಿದಳು.

ಗಾಜಮ್ಮ ಮೇಜನ್ನು ಬಳಸಿ ಮೂಲೆಗೆ ನಡೆದಳು. ಟೈಪಿಸ್ಟಿನ ಮುಂದೆ ನೆಲದ ಮೇಲೆ ಕುಕ್ಕರಿಸಿ, ಅವಳ ಎರಡೂ ಕೈ ಹಿಡಿದುಕೊಂಡಳು. "ಏನಂದ್ಲು? ನನ್ನ ಮಗಳು ಏನಂದ್ಲು ಹೇಳು ತಾಯಿ."

"ಆ ಮೂವತ್ತೆಂಟು ಮರಿ ಹದಿನಾರನೇ ಜಾಡಿಯ ಹುಳದವು ಅಂದ್ಲು. ನಂಬಿಕೆ ಇಲ್ಲದಿದ್ರೆ ಆ ಹುಳವನ್ನ ಒಂದು ತಿಂಗಳು ಒಂಟಿಯಾಗಿ ಇಟ್ಟು ನೋಡಿ, ಅದೇ ಸಾಕ್ಷಿ ಹೇಳತ್ತೆ ಅಂದ್ಲು. ಅದು ಹದಿನೇಳಕ್ಕೆ ಹೇಗೆ ಬಂತು ಅಂತ ಗೊತ್ತು, ಹೇಳಲ್ಲ ಅಂದ್ಲು." ಟೈಪಿಸ್ಟು ಮೂಗು ಒರೆಸಿಕೊಂಡಳು. "ಕೊನೇ ಸಾಲು ನನಗೆ ಬಾಯಿಪಾಠ ಆಗಿದೆ ಅಮ್ಮ. ಮಾಡಿದವರು ಕೆಡಿಸಬೇಕು ಅಂತ ಮಾಡಿಲ್ಲ, ಒಂದು ಜೀವ ಉಳಿಸಬೇಕು ಅಂತ ಮಾಡಿದ್ದಾರೆ. ನಾನಾಗಿದ್ರೂ ಹಾಗೇ ಮಾಡ್ತಿದ್ದೆ."

ಗಾಜಮ್ಮ ಆ ಕೈಗಳಲ್ಲೇ ಮುಖ ಹುದುಗಿಸಿದಳು. ಅಳುವ ಸದ್ದು ಬರಲಿಲ್ಲ. ಹೆಗಲು ಮಾತ್ರ ಏರಿ ಇಳಿಯುತ್ತಿತ್ತು.

ಮೌನಿ ಕಾದ. ಆಮೇಲೆ ಬಹಳ ಮೆಲ್ಲಗೆ ಕೇಳಿದ.

"ಈಗ ಕಡತದಲ್ಲಿರೋ ಕೊನೇ ಪುಟ ನೀವು ಟೈಪ್ ಮಾಡಿದ್ದಲ್ಲ?"

"ಅಲ್ಲ ಸಾರ್. ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ನಾನು ಬಂದಾಗ ಇಡೀ ನಡಾವಳಿ ಕವರಿನಲ್ಲಿ ನನ್ನ ಮೇಜಿನ ಮೇಲಿತ್ತು. ಕಡತಕ್ಕೆ ಸೇರಿಸಿ ಅಂತ ಚೀಟಿ. ಓದಲಿಲ್ಲ, ತೂತು ಹೊಡೆದು ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವಳು ಹೋದ ಮೇಲೆ ನೀವು ಪ್ರತಿ ಕೇಳಿದ್ರಲ್ಲ, ಆಗಲೇ ತೆಗೆದು ನೋಡಿದ್ದು. ಅವಳ ಪುಟ ಇರಲಿಲ್ಲ. ಬೇರೆ ಪುಟ ಇತ್ತು."

"ಬೀಗದ ಕೈ?"

"ನನ್ನ ಕೊರಳಲ್ಲೇ ಇರತ್ತೆ."

"ಒಂಬತ್ತು ಗಂಟೆ ಅನ್ನೋದು ಖಚಿತವಾ?"

"ಹಾಜರಿ ಹಾಕಿ ಬಂದು ಮೊದಲು ಮಾಡಿದ ಕೆಲಸ ಅದೇ ಸಾರ್."

ಮೌನಿ ಪ್ರೊಫೆಸರರ ಕೈಕೆಳಗಿನಿಂದ ಕಡತವನ್ನು ತನ್ನ ಕಡೆಗೆ ಎಳೆದುಕೊಂಡ. ಅವರು ಬಿಡುವುದಕ್ಕೆ ಒಂದು ಕ್ಷಣ ತಡಮಾಡಿದರೋ, ಅಥವಾ ವಯಸ್ಸಿನ ಕೈ ಹಾಗೆಯೋ, ತಿಳಿಯಲಿಲ್ಲ. ಕೊನೆಯ ಪುಟ ತೆಗೆದ. ಈ ಒಂಬತ್ತು ದಿನದಲ್ಲಿ ಹತ್ತಾರು ಸಲ ಓದಿದ್ದ ಪುಟ. ಆಗೆಲ್ಲ ಏನೂ ಹೊಳೆದಿರಲಿಲ್ಲ.

ಈಗ ಗಟ್ಟಿಯಾಗಿ ಓದಿದ. "ಲಿಖಿತ ಉತ್ತರ ಬಂದಿಲ್ಲ. ನಡಾವಳಿಗೆ ಸಹಿ ಮಾಡಲು ಮರುದಿನ ಮಧ್ಯಾಹ್ನ ಹನ್ನೆರಡು ಗಂಟೆಗೆ ಬರತಕ್ಕದ್ದೆಂದು ತಿಳಿಸಲಾಗಿತ್ತು. ಹಾಜರಾಗಲಿಲ್ಲ."

ಹುಡುಗಿ ಮೆಟ್ಟಿಲಿನಿಂದ ಬಿದ್ದದ್ದು ಹನ್ನೊಂದೂ ಕಾಲಿಗೆ.

ಒಂಬತ್ತು ಗಂಟೆಗೆ ಬೀಗದೊಳಗೆ ಹೋದ ಕಾಗದಕ್ಕೆ ಹನ್ನೆರಡು ಗಂಟೆಯ ಸುದ್ದಿ ಗೊತ್ತಿತ್ತು.

ಪ್ರೊಫೆಸರ್ ದೊಡ್ಡಣ್ಣನನ್ನು ನೋಡಿದರು. ದೊಡ್ಡಣ್ಣ ಪ್ರೊಫೆಸರರನ್ನು ನೋಡಿದ. ಇಬ್ಬರ ಮುಖದಲ್ಲೂ ಒಂದೇ ಬಿಳುಪು. ಒಂದು ದಿಗಿಲಿನದು, ಇನ್ನೊಂದು ಬೇರೆಯದು. ಯಾವುದು ಯಾರದೆಂದು ಹೇಳುವಂತಿರಲಿಲ್ಲ.

ನೆಲದ ಮೇಲೆ ಕೂತಿದ್ದ ಗಾಜಮ್ಮ ಮೆಲ್ಲನೆ ತಲೆ ಎತ್ತಿದಳು.

"ಒಂಬತ್ತಕ್ಕೆ ಅವಳು ಕೆಳಗೆ ನನ್ನ ಹತ್ರಾನೇ ಇದ್ಲು ಸಾರ್," ಎಂದಳು. "ಹನ್ನೆರಡಕ್ಕೆ ಸಹಿ ಹಾಕಿ ಬಂದುಬಿಡ್ತೀನಿ, ಆಮೇಲೆ ಒಟ್ಟಿಗೆ ಊಟ ಮಾಡೋಣ ಅಂದ್ಲು. ನಗ್ತಾ ಇದ್ಲು."